ಮಿಷನ್ ಜಾಲದ ನಕ್ಷೆ: ‘ಸ್ಥಾಪನೆಯಾದ ವರ್ಷ’ ಎಂಬ ಕಾಲಂನ ಕಾಟ

ಪಶ್ಚಿಮ ಆಫ್ರಿಕಾದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಸಭೆಗಳು (ಊರೂರಿನ ಕ್ರೈಸ್ತ ಸಮುದಾಯಗಳು) ಹಬ್ಬಿದ ಬಗೆಯನ್ನು ನಕ್ಷೆಗೆ ಇಳಿಸುವಾಗ ಮೊದಲು ಕೈಕೊಡುವುದು ‘ಸ್ಥಾಪನೆಯಾದ ವರ್ಷ’ ಎಂಬ ಕಾಲಂ. ಘಾನಾದ ಅಕ್ರೊಪಾಂಗ್ ಊರನ್ನೇ ನೋಡಿ. ಮಿಷನರಿ ಆಂಡ್ರಿಯಾಸ್ ರೀಸ್ ಅಲ್ಲಿ ನೆಲೆಸಿದ್ದು 1835ರಲ್ಲಿ. ಆದರೆ ಕೆಲಸ ಕುದುರಿದ್ದು 1843ರಲ್ಲಿ ಜಮೈಕಾ, ಆಂಟಿಗುವಾಗಳಿಂದ ಕಪ್ಪು ಕ್ರೈಸ್ತ ಕುಟುಂಬಗಳು ಬಂದ ಮೇಲೆ. ಯಾವುದನ್ನು ಬರೆಯುವುದು? ನಾವು ಆ ಕಾಲಂ ಅಳಿಸಿ ನಾಲ್ಕು ಮಾಡಿಕೊಂಡೆವು: ಮೊದಲ ಭೇಟಿ, ಮಿಷನರಿ ಅಥವಾ ಉಪದೇಶಿ ನೆಲೆಸಿದ್ದು, ಮೊದಲ ದೀಕ್ಷಾಸ್ನಾನ, ಪ್ರಾರ್ಥನಾ ಮಂದಿರ ತೆರೆದದ್ದು. ಗೊತ್ತಿಲ್ಲದ್ದನ್ನು ಖಾಲಿ ಬಿಡಬೇಕು. ಅಂದಾಜಿನಲ್ಲಿ ತುಂಬಿದರೆ ಆರು ತಿಂಗಳ ನಂತರ ಅಂದಾಜು ಯಾವುದು, ದಾಖಲೆ ಯಾವುದು ಎಂದು ನಮಗೇ ತಿಳಿಯುವುದಿಲ್ಲ.

ಮೂಲ ಕಾಗದಗಳು ಬಾಸೆಲ್‌ನಲ್ಲಿ, ಬಾಸೆಲ್ ಮಿಷನ್ನಿನ ಇಂದಿನ ಉತ್ತರಾಧಿಕಾರಿ ಸಂಸ್ಥೆ ಮಿಷನ್ 21ರ ದಫ್ತರದಲ್ಲಿವೆ. ಸಿ ಸರಣಿ ಭಾರತದ್ದು, ಡಿ ಗೋಲ್ಡ್ ಕೋಸ್ಟ್‌ನದು (ಇಂದಿನ ಘಾನಾ), ಇ ಕ್ಯಾಮರೂನಿನದು. ಮಂಗಳೂರಿನ ಕಡತಗಳನ್ನು ನೋಡಿದವರಿಗೆ ಡಿ ಸರಣಿಯಲ್ಲಿ ದಾರಿ ತಪ್ಪುವುದಿಲ್ಲ. ಕಳಿಸಿದ ಪ್ರತಿ ಪುರುಷ ಮಿಷನರಿಗೂ ‘ಸಹೋದರರ ಪಟ್ಟಿ’ ಎಂಬ ನೋಂದಣಿ ಪುಸ್ತಕದಲ್ಲಿ ‘ಬಿವಿ’ ಸಂಖ್ಯೆ ಇದೆ. ಗುರುತಿಗೆ ಹೆಸರನ್ನಲ್ಲ, ಆ ಸಂಖ್ಯೆಯನ್ನೇ ಹಿಡಿಯಿರಿ. ಮುಲ್ಲರ್‌ಗಳು ಬೇಕಾದಷ್ಟು ಜನ. ಆದರೆ ಆ ಪುಸ್ತಕ ಬಾಸೆಲ್ ಕಳಿಸಿದವರದು. ಹಳ್ಳಿಯ ಸಭೆ ನಡೆಸಿದ ಸ್ಥಳೀಯ ಉಪದೇಶಿಗಳ ಹೆಸರು ಸಿಗುವುದು ಸ್ಟೇಶನ್ನಿನ ವಾರ್ಷಿಕ ವರದಿಗಳಲ್ಲಿ. ನೋಂದಣಿ ಪುಸ್ತಕವೊಂದನ್ನೇ ನಂಬಿ ಮಾಡಿದ ನಕ್ಷೆಯಲ್ಲಿ ಎಲ್ಲವನ್ನೂ ಯುರೋಪಿನವರೇ ಮಾಡಿದಂತೆ ಕಾಣುತ್ತದೆ.

ಕೈಬರಹ ಹಳೆಯ ಜರ್ಮನ್ ಕುರೆಂಟ್. ಅದರಲ್ಲಿ ‘ಇ’ ಮತ್ತು ‘ಎನ್’ ಹೆಚ್ಚುಕಡಿಮೆ ಒಂದೇ. ‘ಯು’ ಮೇಲಿನ ಕೊಂಡಿ ಒಂದೇ ಆಸರೆ. ಒಂದು ಅನುಕೂಲವಿದೆ: ಊರು, ವ್ಯಕ್ತಿಗಳ ಹೆಸರನ್ನು ಅನೇಕರು ರೋಮನ್ ಅಕ್ಷರದಲ್ಲಿ ಬರೆಯುತ್ತಿದ್ದರು. ಹಾಗಾಗಿ ಪುಟ ಪೂರ್ತಿ ಓದದೆ, ಮೊದಲು ಹೆಸರುಗಳ ಮೇಲಷ್ಟೇ ಕಣ್ಣಾಡಿಸಿ ಪಟ್ಟಿ ಮಾಡಬಹುದು. ಇನ್ನು ತಾರೀಕು. ‘7ಬರ್’ ಎಂದಿದ್ದರೆ ಜುಲೈ ಅಲ್ಲ, ಸೆಪ್ಟೆಂಬರ್. ‘ಸೆಪ್ಟೆಮ್’ ಎಂದರೆ ಲ್ಯಾಟಿನ್‌ನಲ್ಲಿ ಏಳು. ‘8ಬರ್’ ಅಕ್ಟೋಬರ್, ‘9ಬರ್’ ನವೆಂಬರ್. ಪತ್ರಕ್ಕಿಂತ ಮೊದಲೇ ಅದರ ಉತ್ತರದ ತಾರೀಕು ಬಂದಿದ್ದರೆ ತಪ್ಪು ಬಹುಪಾಲು ಇಲ್ಲೇ ಇರುತ್ತದೆ.

ಊರ ಹೆಸರಿಗೆ ಬೇರೆಯೇ ಹಾಳೆ ಬೇಕು. ಕ್ರಿಸ್ಟಿಯಾನ್ಸ್‌ಬೋರ್ಗ್ ಎಂದರೆ ಒಸು, ಕಿಬಿಯೇ ಚೆಬಿ, ಕ್ಯಾಮರೂನಿನಲ್ಲಿ 1982ರವರೆಗಿನ ವಿಕ್ಟೋರಿಯಾ ಈಗ ಲಿಂಬೆ. ಊರಿಗೆ ಒಂದೇ ಸಂಖ್ಯೆ, ಹೆಸರು ಎಷ್ಟಾದರೂ ಇರಲಿ. ಅಕ್ಷಾಂಶ, ರೇಖಾಂಶಕ್ಕೆ ದಶಮಾಂಶದ ಎರಡು ಸ್ಥಾನ ಸಾಕು, ಅಂದರೆ ಸುಮಾರು ಒಂದು ಕಿಲೋಮೀಟರ್. ನಾಲ್ಕು ಸ್ಥಾನ ಹಾಕಿದರೆ ಇಲ್ಲದ ನಿಖರತೆ ತೋರಿಸಿದಂತೆ. ಅಲ್ಲದೆ ಗೋಲ್ಡ್ ಕೋಸ್ಟ್‌ನಲ್ಲಿ ಕ್ರೈಸ್ತರ ಕೇರಿ ಹಳೆಯ ಊರಿನಿಂದ ತುಸು ದೂರದಲ್ಲಿ ‘ಸಾಲೆಮ್’ ಎಂಬ ಹೆಸರಿನಲ್ಲಿರುತ್ತಿತ್ತು.

ತಲೆಲೆಕ್ಕ ಇನ್ನೂ ಜಾರುವ ನೆಲ. ಸಭೆಯ ಒಟ್ಟು ಜನ, ಕರ್ತನ ಭೋಜನದಲ್ಲಿ ಪಾಲು ತೆಗೆದುಕೊಳ್ಳುವವರು, ದೀಕ್ಷಾಸ್ನಾನಕ್ಕೆ ಕಲಿಯುತ್ತಿರುವವರು, ಈ ಮೂರನ್ನು ಕೂಡಿಸಬೇಡಿ. ಪಕ್ಕದ ಮೆಥಡಿಸ್ಟರ ಅಂಕಿಗಳ ಜೊತೆ ನೇರವಾಗಿ ಹೋಲಿಸಲೂ ಬೇಡಿ. ಅವರಲ್ಲಿ ಪರೀಕ್ಷಾ ಅವಧಿಯವರಿಗೆ (ಇನ್ನೂ ಪೂರ್ಣ ಸದಸ್ಯರಾಗದವರಿಗೆ) ಬೇರೆ ಕಾಲಂ ಇತ್ತು.

ನಕ್ಷೆಯಲ್ಲಿ ಸಭೆಯ ಚುಕ್ಕಿಯನ್ನು ಮಿಷನ್ನಿಗೆ ಜೋಡಿಸುವ ಗೆರೆಗಳಿಗೂ ಬಗೆ ಬರೆಯಬೇಕು: ಕಳಿಸಿದ್ದು, ತರಬೇತಿ, ಹಣ, ಹಸ್ತಾಂತರ, ಒಡಕು. ಕ್ಯಾಮರೂನಿನಲ್ಲಿ ಬಾಸೆಲ್‌ನವರು 1886ರಲ್ಲಿ ಕಾಲಿಟ್ಟದ್ದು ಇಂಗ್ಲಿಷ್ ಬ್ಯಾಪ್ಟಿಸ್ಟರ ಕೆಲಸವನ್ನು ವಹಿಸಿಕೊಂಡು. ವಿಕ್ಟೋರಿಯಾಕ್ಕೆ 1886 ಎಂದು ಬರೆದರೆ ಆ ಊರನ್ನು ಸ್ಥಾಪಿಸಿದ ಬ್ಯಾಪ್ಟಿಸ್ಟ್ ಮಿಷನರಿ ಆಲ್ಫ್ರೆಡ್ ಸೇಕರ್‌ನ 1858 ಅಳಿಸಿಹೋಯಿತು. ಹಾಗೆಯೇ ಗೋಲ್ಡ್ ಕೋಸ್ಟ್‌ನಿಂದ ಬಾಸೆಲ್ ಮಿಷನರಿಗಳನ್ನು 1917ರ ಕೊನೆಗೆ ಬ್ರಿಟಿಷರು ಹೊರಹಾಕಿದರು. 1918ರಲ್ಲಿ ಆ ಸಭೆಗಳನ್ನು ನೋಡಿಕೊಳ್ಳಲು ಸ್ಕಾಟ್ಲೆಂಡಿನ ಮಿಷನರಿಗಳು ಬಂದರು. ಕಂಪ್ಯೂಟರಿಗೆ ಗೆರೆ ಕಡಿದದ್ದು ಮಾತ್ರ ಗೊತ್ತು, ಸಭೆಗಳನ್ನೇ ಮುಚ್ಚಿದಂತೆ ತೋರಿಸುತ್ತದೆ. ಚುಕ್ಕಿ ಹಾಗೇ ಇರಬೇಕು, ಗೆರೆಯ ಇನ್ನೊಂದು ತುದಿ ಬದಲಾಗಬೇಕು.

ಕೊನೆಗೆ ವ್ಯಾಪಾರ. 1859ರಲ್ಲಿ ಹುಟ್ಟಿದ ಮಿಷನ್ ಟ್ರೇಡಿಂಗ್ ಕಂಪನಿ ಗೋಲ್ಡ್ ಕೋಸ್ಟ್‌ನಲ್ಲೂ ಇತ್ತು, ಮಂಗಳೂರಿನಲ್ಲೂ ಇತ್ತು. ಮೊದಲ ಮಹಾಯುದ್ಧದಲ್ಲಿ ಎರಡೂ ಕಡೆಯ ಆಸ್ತಿ ಕೈತಪ್ಪಿತು. ಅದನ್ನು ಸಭೆಯ ಗೆರೆಗಳ ಜೊತೆ ಬೆರೆಸಿದರೆ ಹೆಂಚಿನ ಕಾರ್ಖಾನೆ, ಕೋಕೋ ಗೋದಾಮುಗಳೂ ಸಭೆಗಳಾಗಿ ಎಣಿಕೆಗೆ ಬೀಳುತ್ತವೆ. ಅದಕ್ಕೆ ಬೇರೆ ಬಣ್ಣ, ಬೇರೆ ಪದರ ಕೊಡಿ.