ಕಂಪ್ರೆಸ್ ಮಾಡುವ ಮುಂಚೆ ಅಂದಾಜು ನೋಡಿದೆ

ಚಿಕ್ಕಮಗಳೂರಿನ ಮನೆಯಿಂದಲೇ ಮೇನ್‌ಫ್ರೇಮ್‌ನ (ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್) ಡಿಬಿ2 ಎಂಬ ಐಬಿಎಂ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಡಿಸ್ಕ್ ತುಂಬುತ್ತಾ ಬಂತು. ದೊಡ್ಡ ಟೇಬಲ್‌ಗಳಿಗೆಲ್ಲ 'ಕಂಪ್ರೆಸ್ ಯೆಸ್' ಹಾಕಿ, ಅಂದರೆ ಡೇಟಾ ಕುಗ್ಗಿಸಿ ಇಡಿ ಅಂದರು. ಸುಮ್ನೆ ಹಾಕಿದರೆ ಸಾಲದು. ಹಳೆಯ ಡೇಟಾ ಚಿಕ್ಕದಾಗಲು ರೀಆರ್ಗ್, ಅಂದರೆ ಟೇಬಲ್ ಡೇಟಾವನ್ನು ಮತ್ತೆ ಜೋಡಿಸಿ ಬರೆಯುವ ಕೆಲಸ, ಓಡಬೇಕು. ಅಷ್ಟು ಮಾಡಿಯೂ ಜಾಗ ಉಳಿಯದಿದ್ದರೆ ಸಮಯ ದಂಡ, ಅಲ್ವಾ?

ಅದಕ್ಕೇ ಮೊದಲು ಡಿಬಿ2 ಜೊತೆಗೇ ಬರುವ ಡಿಎಸ್‌ಎನ್1ಕಾಂಪ್ ಎಂಬ ಪ್ರೋಗ್ರಾಂ ಓಡಿಸಿದೆ. ಇದು ಡೇಟಾ ಬದಲಿಸುವುದಿಲ್ಲ, ಎಷ್ಟು ಪೇಜ್ (ಡಿಸ್ಕ್‌ನಲ್ಲಿ ಸಾಲುಗಳನ್ನು ಇಡುವ ತುಂಡು) ಉಳಿತಾಯ ಆಗಬಹುದು ಅಂತ ಅಂದಾಜು ಮಾತ್ರ ಕೊಡುತ್ತದೆ. ಇಮೇಜ್ ಕಾಪಿಯ (ಟೇಬಲ್‌ನ ಬ್ಯಾಕಪ್ ಪ್ರತಿ) ಮೇಲೂ ಓಡುತ್ತದೆ, ಆಗ 'ಫುಲ್‌ಕಾಪಿ' ಅಂತ ಹೇಳಬೇಕು. ದಿನನಿತ್ಯ ಬಳಕೆಯಲ್ಲಿರುವ ಪ್ರೊಡಕ್ಷನ್ ಟೇಬಲ್ ಮುಟ್ಟುವ ಕೆಲಸವೇ ಇಲ್ಲ, ನನಗೆ ಇದೇ ದೊಡ್ಡ ನೆಮ್ಮದಿ. 'ರೀಆರ್ಗ್' ಆಯ್ಕೆಯನ್ನೂ ಕೊಡಿ. ಇಲ್ಲದಿದ್ದರೆ ರೀಆರ್ಗ್ ಬದಲು ಲೋಡ್ (ಟೇಬಲ್‌ಗೆ ಡೇಟಾ ತುಂಬುವ ಕೆಲಸ) ಕಟ್ಟುವ ಡಿಕ್ಷನರಿಯ, ಅಂದರೆ ಕುಗ್ಗಿಸಲು ಬಳಸುವ ಪಟ್ಟಿಯ, ಲೆಕ್ಕ ಬರುತ್ತದೆ. ಡಿಬಿ2ನ 12ನೇ ಆವೃತ್ತಿಯಲ್ಲಿ ಹಫ್‌ಮನ್ ಎಂಬ ಇನ್ನೊಂದು ಕುಗ್ಗಿಸುವ ವಿಧಾನವೂ ಬಂದಿದೆ. ಅದಕ್ಕೆ ಐಬಿಎಂನ ಜೆಡ್14 ಮೇನ್‌ಫ್ರೇಮ್ ಅಥವಾ ಅದಕ್ಕಿಂತ ಹೊಸ ಯಂತ್ರ ಬೇಕು.

ಒಂದು ಟೇಬಲ್‌ನಲ್ಲಿ ಏನೂ ಉಳಿಯುತ್ತಿರಲಿಲ್ಲ. ಅದು 32 ಕೆಬಿ ಪೇಜ್, ಸಾಲುಗಳು ತುಂಬಾ ಚಿಕ್ಕವು. ಒಂದು ಪೇಜ್‌ಗೆ ಹೆಚ್ಚೆಂದರೆ 255 ಸಾಲು ಮಾತ್ರ ಹಿಡಿಯುತ್ತದೆ, ಇಲ್ಲಿ ಆ ಮಿತಿ ಮೊದಲೇ ಮುಟ್ಟಿತ್ತು. ಸಾಲು ಎಷ್ಟೇ ಕುಗ್ಗಿದರೂ ಪೇಜ್ ಕಡಿಮೆಯಾಗದು, ಬಿಚ್ಚಿ ಓದುವ ಸಿಪಿಯು ಖರ್ಚು ಮಾತ್ರ ಜಾಸ್ತಿ. ಅದನ್ನು ಹಾಗೇ ಬಿಟ್ಟೆ. ಒಳ್ಳೆಯ ಅಂದಾಜು ಬಂದವಕ್ಕಷ್ಟೇ ರೀಆರ್ಗ್ ಹಾಕಿದೆ. ಡಿಸ್ಕ್‌ನಲ್ಲಿ ಜಾಗ ಸಿಕ್ಕಿತು.