ರಿಯೋಗೊಕು ಆಕಾಶಕ್ಕೆ ಮೂರು ಭಾನುವಾರ

ಮರದ ಅಚ್ಚು ಕಲಿಯಲು ಶುರು ಮಾಡಿದಾಗ ನಾನು ಆರಿಸಿಕೊಂಡಿದ್ದು ಜಪಾನಿನ ಚಿತ್ರಕಾರ ಹಿರೋಶಿಗೆಯ 1858ರ ಚಿತ್ರ: ರಿಯೋಗೊಕು ಸೇತುವೆಯ ಬಾಣಬಿರುಸು. ಊರು ಎದೋ, ಅಂದರೆ ಇವತ್ತಿನ ಟೋಕಿಯೋ. ಅಲ್ಲಿ ಹಳೇ ಪಂಚಾಂಗದ ಐದನೇ ತಿಂಗಳ 28ಕ್ಕೆ ಸುಮಿದಾ ನದಿಯ ‘ಹೊಳೆ ತೆರೆಯುವ’ ದಿನ. ಆಮೇಲೆ ಮೂರು ತಿಂಗಳು ಸೆಕೆ ತಾಳಲಾರದ ಜನ ಸಂಜೆ ದೋಣಿ ಹತ್ತುತ್ತಿದ್ದರು. ಚಿತ್ರದಲ್ಲಿ ಆ ಜನ ತೀರಾ ಚಿಕ್ಕವರು. ಜಾಸ್ತಿ ಜಾಗ ಆಕಾಶಕ್ಕೇ.

ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಎರಡು ಹಲಗೆ ಕೆತ್ತಿದೆ. ಒಂದು ಗೆರೆಗೆ, ಒಂದು ಆಕಾಶಕ್ಕೆ. ಕಿಡಿ ಬರುವ ಕಡೆಯೆಲ್ಲ ಉಳಿಯಿಂದ ತಗ್ಗು ಮಾಡಿದೆ. ಅಲ್ಲಿ ಮಸಿ ತಾಗುವುದಿಲ್ಲ, ಕಾಗದದ ಬಿಳಿಯೇ ಕಿಡಿಯಾಗುತ್ತದೆ.

ಕಷ್ಟ ಇದ್ದದ್ದು ಬೊಕಾಶಿಯಲ್ಲಿ, ಅಂದರೆ ಬಣ್ಣವನ್ನು ಮೆಲ್ಲಗೆ ತಿಳಿಯಾಗಿಸುವುದರಲ್ಲಿ. ಮೇಲಿನ ಕಪ್ಪು ಕೆಳಗಿಳಿಯುತ್ತಾ ತಿಳಿಯಾಗಬೇಕು. ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಬೇಕು. ಮೇಲಂಚಿಗೆ ಮಾತ್ರ ಮಸಿ, ಜೊತೆಗೆ ಚೂರು ಅಕ್ಕಿ ಅಂಟು. ಬ್ರಷ್ಷನ್ನು ಅಡ್ಡಡ್ಡ ಆಡಿಸುತ್ತಾ ಕೆಳಗೆ ತರಬೇಕು. ಮಸಿ ತೇವದೊಳಗೆ ಕರಗಿ ಮಾಯವಾಗಬೇಕು. ನೀರು ಕಡಿಮೆಯಾದರೆ ಕಪ್ಪು ಪಟ್ಟಿ ಬಳಿದ ಹಾಗೆ ಕಾಣುತ್ತದೆ. ಹೆಚ್ಚಾದರೆ ಕಿಡಿಗಳ ತಗ್ಗಿಗೂ ಮಸಿ ಇಳಿದುಬಿಡುತ್ತದೆ. ನನಗೆ ಎರಡೂ ಆಯಿತು.

ಎರಡನೇ ಭಾನುವಾರ ಇನ್ನೊಂದು ತೊಂದರೆ. ಹಲಗೆಯ ಮೂಲೆಯಲ್ಲಿ ಕೆಂತೊ ಅಂತ ಒಂದು ಗುರುತು ಕೆತ್ತಿರುತ್ತೇವೆ. ಕಾಗದದ ಮೂಲೆ ಅದರಲ್ಲಿ ಕೂತರೆ ಬಣ್ಣ ಗೆರೆಯ ಮೇಲೇ ಬೀಳುತ್ತದೆ. ನಾನು ಊಟಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಒದ್ದೆ ಕಾಗದ ಒಣಗಿ ಕುಗ್ಗಿತ್ತು. ಆಕಾಶ ಸೇತುವೆಯ ಮೇಲೇ ಇಳಿದು ಕೂತಿತು! ಅಂದಿನಿಂದ ಹಾಳೆಗಳನ್ನು ಒದ್ದೆ ಪೇಪರ್ ನಡುವೆ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಬೇಕಾದಾಗ ಒಂದೊಂದೇ ತೆಗೆಯುತ್ತೇನೆ.

ಎದೋದಲ್ಲಿ ಬರೆಯುವವನು, ಕೆತ್ತುವವನು, ಅಚ್ಚು ಹಾಕುವವನು ಬೇರೆ ಬೇರೆ. ಹಣ ಹಾಕುವ ಪ್ರಕಾಶಕ ಇನ್ನೊಬ್ಬ. ಹಿರೋಶಿಗೆ ಕೊಟ್ಟಿದ್ದು ಗೆರೆ ಮತ್ತು ಬಣ್ಣದ ಸೂಚನೆ. ಆ ರಾತ್ರಿಯ ತಂಪು ಬಂದಿದ್ದು ಅಚ್ಚು ಹಾಕಿದವನ ಕೈಯಿಂದ ಅಂತ ನನಗೆ ಈಗ ಅನಿಸುತ್ತದೆ. ಒಂದೊಂದು ಹಾಳೆಗೂ ಹೊಸದಾಗಿ ಒರೆಸಿ, ಹೊಸದಾಗಿ ಮಸಿ ಎಳೆಯಬೇಕು. ಅದೇ ಹಲಗೆಯಿಂದ ಬಂದರೂ ಎರಡು ಆಕಾಶ ಒಂದೇ ಥರ ಇರುವುದಿಲ್ಲ.

ಮೂರನೇ ಭಾನುವಾರ, ಹನ್ನೊಂದನೇ ಹಾಳೆ. ಬಿದಿರಿನ ಸಿಪ್ಪೆ ಸುತ್ತಿದ ಬಾರೆನ್ ಅನ್ನುವ ಉಜ್ಜುವ ಬಿಲ್ಲೆಯಿಂದ ಕಾಗದದ ಬೆನ್ನು ಉಜ್ಜಿ, ಮೂಲೆ ಹಿಡಿದು ನಿಧಾನ ಎತ್ತಿದೆ. ಕಪ್ಪು ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗಲಿಲ್ಲ. ದೋಣಿಗಳ ದೀಪಕ್ಕೆ ಮೂರನೇ ಹಲಗೆ ಕೆತ್ತಲು ಅವತ್ತೇ ಕೂತೆ.