ಕೊಡೆಯ ಕೆಳಗಿನವರನ್ನು ಎಣಿಸಿದ ಬಗೆ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಸುತ್ತ ಎಲ್ಲಿ ನೆರಳು ಬೇಕು, ಎಲ್ಲಿ ಕೂರುವ ಕಟ್ಟೆ ಬೇಕು ಎಂದು ತಿಳಿಯಲು ನಾನು ಕೃತಕ ಬುದ್ಧಿಮತ್ತೆಯನ್ನು ಬಳಸಿದೆ. ಅಂಗಡಿಯೊಂದರ ಮಹಡಿಯಿಂದ ವಿಡಿಯೊ ತೆಗೆದು, ಜನ ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ತಂತ್ರಾಂಶದಿಂದ ಎಣಿಸುವ ಕೆಲಸ. ನಗರಗಳ ಸಾರ್ವಜನಿಕ ಜಾಗಗಳನ್ನು ಅಧ್ಯಯನ ಮಾಡಿದ ಅಮೆರಿಕದ ಬರಹಗಾರ ವಿಲಿಯಂ ವೈಟ್ 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಇಂಥದ್ದೇ ಅಧ್ಯಯನ ಮಾಡಿದ್ದರು.

ಚಿತ್ರದಲ್ಲಿ ಏನಿದೆ ಎಂದು ಗುರುತಿಸಲು ಮೊದಲೇ ಕಲಿಸಿಟ್ಟ ತಂತ್ರಾಂಶಕ್ಕೆ ಮಾದರಿ ಎನ್ನುತ್ತಾರೆ. ಸಿದ್ಧವಾಗಿ ಸಿಗುವ ಮಾದರಿಗೆ ನಮ್ಮ ಬೀದಿಯ ಪರಿಚಯವಿಲ್ಲ. ಇಂಥ ಅನೇಕ ಮಾದರಿಗಳು ಕಲಿತದ್ದು ಕೊಕೊ ಎಂಬ ಚಿತ್ರಸಂಗ್ರಹದಿಂದ. ಅದರ 80 ವರ್ಗಗಳಲ್ಲಿ ಜಿರಾಫೆ ಇದೆ, ಹಿಮದ ಮೇಲೆ ಜಾರುವ ಹಲಗೆ ಇದೆ, ಆಟೊರಿಕ್ಷಾ ಇಲ್ಲ. ನಮ್ಮ ಆಟೊಗಳೆಲ್ಲ ಒಮ್ಮೆ ಕಾರು, ಒಮ್ಮೆ ಲಾರಿ ಎಂದು ದಾಖಲಾದವು. ಮಳೆ ಹಿಡಿದ ಮೇಲೆ ತೊಡಕು ಹೆಚ್ಚಿತು. ಮೇಲಿನಿಂದ ಕಾಣುವುದು ಬರೀ ಕೊಡೆಗಳು. ಕೊಡೆಯನ್ನು ಅದು ಗುರುತಿಸಿತು, ಕೆಳಗಿದ್ದವರನ್ನು ಬಿಟ್ಟಿತು. ಒಂದೇ ಕೊಡೆಯಡಿ ತಾಯಿ, ಮಗು ಹೋದರೆ ಇಬ್ಬರೂ ಲೆಕ್ಕಕ್ಕಿಲ್ಲ. ಮಲ್ಲಿಗೆಯ ಬುಟ್ಟಿಯ ಮೇಲೆ ಬಾಗಿ ಕುಳಿತ ಹೂವಿನವರೂ ಕಾಣಲಿಲ್ಲ. ಎಣಿಕೆಗೆ ಸಿಗದವರಿಗೆ ನಕ್ಷೆಯಲ್ಲಿ ಜಾಗ ಕೊಡುವವರು ಯಾರು? ನನ್ನನ್ನು ಕಾಡಿದ್ದು ಇದೇ.

ಹಾಗಾಗಿ ನಮ್ಮದೇ ಚಿತ್ರಗಳಲ್ಲಿ ಒಬ್ಬೊಬ್ಬರ ಸುತ್ತ ಚೌಕ ಎಳೆದು ಮಾದರಿಗೆ ಮರುತರಬೇತಿ ಕೊಟ್ಟೆ. ಕೊಡೆ ಹಿಡಿದವರು, ನೆಲದಲ್ಲಿ ಕುಳಿತು ಮಾರುವವರು, ಆಟೊ ಎಂದು ಬೇರೆ ಬೇರೆ ವರ್ಗ ಮಾಡಿದೆ. ಕೊಡೆಯಡಿ ಎಷ್ಟು ಜನರೆಂದು ತಿಳಿಯಲು ಪಾದಗಳನ್ನು ನೋಡಬೇಕು, ಬಹಳ ತಾಳ್ಮೆಯ ಕೆಲಸ. ಮುಖಗಳನ್ನು ಮಸುಕಾಗಿಸಿ, ಸ್ಥಳ ಮತ್ತು ಸಮಯವನ್ನಷ್ಟೇ ಉಳಿಸಿಕೊಂಡೆ.

ಈ ಜಾಗ ಹೇಗಿರಬಹುದೆಂದು ನೋಡಲು ಚಿತ್ರ ಬರೆಯುವ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನೂ ಪರೀಕ್ಷಿಸಿದೆ. ಅದು ಕೊಟ್ಟ ಕಲ್ಲುಹಾಸಿನ ಬಯಲು ಅಂಗಳ ನಮ್ಮ ಓರೆಮಳೆಗೆ ಹೊಂದುವಂಥದ್ದಲ್ಲ. ಅದನ್ನು ಕೈಬಿಟ್ಟೆ.

ಹೊಸ ಎಣಿಕೆಯಲ್ಲಿ ಒಂದು ಕಟ್ಟಡದ ಪೂರ್ವ ಬದಿಯಲ್ಲಿ, ನಿಲ್ದಾಣದಿಂದ ತುಸು ದೂರದಲ್ಲಿ, ಜನ ಬಹಳ ಹೊತ್ತು ನಿಲ್ಲುವುದು ಕಂಡಿತು. ಕಾರಣ ಪರದೆಯಲ್ಲಿ ಇರಲಿಲ್ಲ. ಅಲ್ಲಿ ಹೂ ಮಾರುವ ಅಕ್ಕನನ್ನು ಕೇಳಿದೆ. “ಮಧ್ಯಾಹ್ನದ ಮೇಲೆ ನೆರಳು ಇಲ್ಲಿಗೇ ಬೀಳುವುದು ಅಣ್ಣ. ಮಳೆಗಾಲದಲ್ಲಿ ಗಾಳಿಗೂ ಈ ಗೋಡೆಯೇ ಅಡ್ಡ” ಎಂದರು. ಮುಂಗಾರಿನ ಗಾಳಿ ನೈಋತ್ಯ, ಪಶ್ಚಿಮದಿಂದ ಬೀಸುತ್ತದೆ. ಇಳಿಹೊತ್ತಿನ ಬಿಸಿಲೂ ಪಶ್ಚಿಮದ್ದೇ. ಎರಡಕ್ಕೂ ಒಂದೇ ತಡೆ.

ಈಗ ನನ್ನ ನಕ್ಷೆಯಲ್ಲಿ ಕಟ್ಟೆಗಳು ಕಟ್ಟಡಗಳ ಪೂರ್ವಕ್ಕಿವೆ. ತೆರೆದ ಜಾಗದ ಮಾಡಿಗೆ ಪಶ್ಚಿಮದಲ್ಲಿ ಗಾಳಿಯಾಡುವ ಜಾಲರಿ ಗೋಡೆ ಸೇರಿಸಿದ್ದೇನೆ. ಹೂವಿನವರು ಕೂರುವಲ್ಲಿ, ಅವರನ್ನು ಎಬ್ಬಿಸದೆ, ಕಾಲುದಾರಿಯನ್ನು ಅಗಲ ಮಾಡಿದ್ದೇನೆ.